ಯಂತ್ರಕ್ಕೆ ಕೇಳಬೇಕಾದ ಎರಡು ಪ್ರಶ್ನೆ

ಪಂಕ್ಚರ್ ಆದಾಗ ಕಾರಿನಡಿ ಇಡುವ ತಿರುಪಿನ ಜಾಕ್ ದಕ್ಷತೆಯ ಪರೀಕ್ಷೆಗೆ ಕೂತರೆ ಪಾಸಾಗುವುದಿಲ್ಲ. ಅದರ ಹಿಡಿ 40 ಸೆಂ.ಮೀ. ಉದ್ದವಿದೆ, ಒಂದು ಸುತ್ತಿಗೆ ತಿರುಪು 5 ಮಿ.ಮೀ. ಏರುತ್ತದೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಕೈ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ, ಭಾರ ಅರ್ಧ ಸೆಂ.ಮೀ. ಏರುತ್ತದೆ. ಕೈಯ ಓಟ ಭಾರದ ಏರಿಕೆಯ 500 ಪಟ್ಟು. ಘರ್ಷಣೆಯೇ ಇಲ್ಲದ ಲೋಕದಲ್ಲಾದರೆ ಒಂದು ಟನ್ ಎತ್ತಲು ಎರಡು ಕಿಲೋ ತೂಕದಷ್ಟು ಬಲ ಸಾಕಿತ್ತು. ಆದರೆ ನಮ್ಮ ಲೋಕದ ಜಾಕ್‌ಗೆ ಏಳೆಂಟು ಕಿಲೋ ಬೇಕು. ಹಾಕಿದ ಕೆಲಸದಲ್ಲಿ ಕಾಲುಭಾಗ ಕಾರನ್ನು ಎತ್ತುತ್ತದೆ, ಉಳಿದ ಮುಕ್ಕಾಲು ಭಾಗ ಥ್ರೆಡ್‌ಗಳ ನಡುವೆ ಉಜ್ಜಿ ಬಿಸಿಯಾಗಿ ಹೋಗುತ್ತದೆ. ನೂರಕ್ಕೆ 25 ಅಂಕ. ಈಗ ಹಿಡಿಯಿಂದ ಕೈ ತೆಗೆಯಿರಿ. ಕಾರು ಎತ್ತಿದಲ್ಲೇ ನಿಂತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಬೀಗವಲ್ಲ, ಬ್ರೇಕ್ ಅಲ್ಲ. ಆ ಮುಕ್ಕಾಲು ಭಾಗವನ್ನು ತಿಂದುಹಾಕಿದ ಘರ್ಷಣೆಯೇ. ಇದೇ ಜಾಕ್ ನೂರಕ್ಕೆ 90 ಅಂಕ ತೆಗೆಯುವಂತಿದ್ದರೆ, ಕೈ ಬಿಟ್ಟ ಕ್ಷಣವೇ ಹಿಡಿ ಹಿಂದಕ್ಕೆ ತಿರುಗಿ ಕಾರು ಕೆಳಗೆ ಕೂರುತ್ತಿತ್ತು.

ಸರಳ ಯಂತ್ರಗಳ ಬಗ್ಗೆ ನಾವು ಶಾಲೆಯಲ್ಲಿ ಕಲಿಯುವ ಎರಡು ಅಳತೆಗಳಿವೆ. ಎತ್ತಿದ ಭಾರವನ್ನು ಹಾಕಿದ ಬಲದಿಂದ ಭಾಗಿಸಿದರೆ ಯಾಂತ್ರಿಕ ಲಾಭ. ಯಂತ್ರದಿಂದ ಹೊರಬಂದ ಕೆಲಸವನ್ನು ಒಳಹೋದ ಕೆಲಸದಿಂದ ಭಾಗಿಸಿದರೆ ದಕ್ಷತೆ. ಎರಡೂ ಬರೀ ಭಾಗಾಕಾರ, ಎರಡೂ ಒಂದೇ ಪಾಠದಲ್ಲಿ ಅಕ್ಕಪಕ್ಕ ಬರುತ್ತವೆ. ಹಾಗಾಗಿ ಎರಡೂ ಹೆಚ್ಚಿದ್ದಷ್ಟು ಒಳ್ಳೆಯದು, ಕಡಿಮೆಯಾದರೆ ಯಂತ್ರದ ದೋಷ ಎಂಬ ಭಾವನೆ ತಾನಾಗಿ ಕೂತುಬಿಡುತ್ತದೆ. ನನ್ನ ವಾದ ಇಷ್ಟೇ: ಇವೆರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ‘ಈ ಮೈಯಿಂದ, ಈ ಕೈಯಿಂದ ಈ ಕೆಲಸ ಆಗುತ್ತದೆಯೇ’ ಎಂಬುದಕ್ಕೆ ಯಾಂತ್ರಿಕ ಲಾಭ ಉತ್ತರಿಸುತ್ತದೆ. ‘ಕೊಟ್ಟದ್ದರಲ್ಲಿ ಪೋಲಾಗುವುದೆಷ್ಟು’ ಎಂಬುದಕ್ಕೆ ದಕ್ಷತೆ. ಒಂದು ಪ್ರಶ್ನೆಯ ಜಾಗದಲ್ಲಿ ಇನ್ನೊಂದನ್ನು ಕೇಳಿದರೆ ತಪ್ಪು ಯಂತ್ರ ಕಟ್ಟುತ್ತೇವೆ, ಸುಳ್ಳು ಯಂತ್ರವನ್ನು ನಂಬುತ್ತೇವೆ. ಇದು ಭೌತಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸಾರ್ವಜನಿಕ ಹಣ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಇದರ ಪರಿಣಾಮ ಕಾಣುತ್ತದೆ.

ಜಾಕ್ ನಿಲ್ಲುವುದರ ಹಿಂದೆ ಒಂದು ಸೊಗಸಾದ ಲೆಕ್ಕವಿದೆ. ಎತ್ತುವಾಗ ನಾವು ಹಾಕುವ ಕೆಲಸ ಎರಡು ಪಾಲಾಗುತ್ತದೆ: ಒಂದು ಭಾರವನ್ನು ಏರಿಸಲು, ಇನ್ನೊಂದು ಘರ್ಷಣೆಗೆ. ಭಾರ ತಾನಾಗಿ ಇಳಿಯಬೇಕಾದರೆ ಏರಿಸಲು ಬಳಕೆಯಾದ ಪಾಲೇ ಅದರ ಬಂಡವಾಳ. ಆ ಬಂಡವಾಳದಲ್ಲಿ ಅದು ಇಳಿಯುವ ದಾರಿಯ ಘರ್ಷಣೆಯನ್ನೂ ತೀರಿಸಬೇಕು. ಏರುವಾಗಲೂ ಇಳಿಯುವಾಗಲೂ ಘರ್ಷಣೆ ಹೆಚ್ಚುಕಡಿಮೆ ಒಂದೇ ಇರುವ ಯಂತ್ರದಲ್ಲಿ ದಕ್ಷತೆ ಅರ್ಧಕ್ಕಿಂತ ಕಡಿಮೆಯಿದ್ದರೆ ಆ ಬಂಡವಾಳ ಸಾಲುವುದಿಲ್ಲ, ಭಾರ ಕೂತಲ್ಲೇ ಕೂರುತ್ತದೆ. ಬಾವಿಯ ರಾಟೆಯ ಕಥೆ ಇದಕ್ಕೆ ತದ್ವಿರುದ್ಧ. ಅದು ಸಾಕಷ್ಟು ದಕ್ಷ, ಆದ್ದರಿಂದಲೇ ಹಗ್ಗ ಕೈಜಾರಿದರೆ ಕೊಡ ಸೀದಾ ನೀರಿಗೆ. ಗ್ಯಾರೇಜಿನಲ್ಲಿ ಎಂಜಿನ್ ಇಳಿಸಲು ಬಳಸುವ ಚೈನ್ ಬ್ಲಾಕ್ ಇವೆರಡರ ನಡುವಿನ ಜಾಣತನ. ಅದರ ಹಲ್ಲುಚಕ್ರಗಳು ಶಕ್ತಿಯನ್ನು ಹೆಚ್ಚು ಪೋಲು ಮಾಡುವುದಿಲ್ಲ, ಹಾಗಾಗಿ ಭಾರವನ್ನು ತಡೆಯಲೆಂದೇ ಒಳಗೆ ಪ್ರತ್ಯೇಕ ಬ್ರೇಕ್ ಇಟ್ಟಿರುತ್ತಾರೆ. ದಕ್ಷತೆ ಗಳಿಸಿದವರು ಸುರಕ್ಷತೆಯನ್ನು ಬೇರೆ ಕಡೆಯಿಂದ ಕೊಂಡು ತರಬೇಕಾಯಿತು ಎಂದರ್ಥ. ಗುದ್ದಲಿಯ ಕಾವಿಗೆ ಬಡಿದ ಬೆಣೆ, ಗೋಡೆಗೆ ಹೊಡೆದ ಮೊಳೆ, ಸೇತುವೆಯ ಬೋಲ್ಟು ಎಲ್ಲ ನಿಂತಿರುವುದು ಇದೇ ಅದಕ್ಷತೆಯ ಮೇಲೆ. ತೇರು ಹರಿಯುವಾಗ ಗಾಲಿಯ ಮುಂದೆ ಮರದ ಬೆಣೆ ಕೊಟ್ಟು ಅದನ್ನು ನಿಲ್ಲಿಸುವವರು, ತಿರುಗಿಸುವವರು ನಂಬಿರುವುದೂ ಘರ್ಷಣೆಯನ್ನೇ. ಆ ಬೆಣೆಗೆ ಎಣ್ಣೆ ಸವರಿ ದಕ್ಷತೆ ಹೆಚ್ಚಿಸಲು ಹೊರಟವನನ್ನು ಯಾವ ಊರಿನವರೂ ತೇರಿನ ಹತ್ತಿರ ಬಿಟ್ಟುಕೊಳ್ಳಲಾರರು.

ಹಾಗಾದರೆ ಘರ್ಷಣೆ ಅಷ್ಟು ಒಳ್ಳೆಯದಾದರೆ ಯಂತ್ರಗಳಿಗೆ ಎಣ್ಣೆ, ಗ್ರೀಸ್ ಯಾಕೆ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ವರ್ಷಕ್ಕೆ ಒಂದೆರಡು ಸಲ, ಹತ್ತು ನಿಮಿಷ ಕೆಲಸ ಮಾಡುವ ಜಾಕ್ ಪೋಲು ಮಾಡುವ ಶಕ್ತಿ ಲೆಕ್ಕಕ್ಕೆ ಬಾರದು. ಅದು ಭಾರವನ್ನು ಹಿಡಿದುಕೊಳ್ಳುವುದು ಮುಖ್ಯ. ದಿನವಿಡೀ ತಿರುಗುವ ಯಂತ್ರದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ನೀರೆತ್ತುವುದನ್ನೇ ತೆಗೆದುಕೊಳ್ಳಿ. ಸಾವಿರ ಲೀಟರ್ ನೀರನ್ನು 300 ಮೀಟರ್ ಆಳದಿಂದ ಮೇಲೆ ತರಲು, ಒಂದು ಹನಿಯೂ ಶಕ್ತಿ ಪೋಲಾಗದಿದ್ದರೆ, 0.8 ಯೂನಿಟ್ ವಿದ್ಯುತ್ ಸಾಕು. ಪಂಪು, ಮೋಟಾರು, ಪೈಪು ಸೇರಿ ದಕ್ಷತೆ ಶೇ 50 ಇದ್ದರೆ 1.6 ಯೂನಿಟ್, ಶೇ 30 ಇದ್ದರೆ 2.7 ಯೂನಿಟ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊಳವೆಬಾವಿ ಈಗ ಸುದ್ದಿಯೇ ಅಲ್ಲ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ರೈತನಿಗೆ ಬೇಕಾದ್ದು ನೀರು. ಆ ಪಂಪು ಶೇ 30ರದ್ದೋ ಶೇ 50ರದ್ದೋ ಎಂಬುದು ಅವನ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಕಾಣುವುದು ಸರ್ಕಾರದ ಸಬ್ಸಿಡಿ ಲೆಕ್ಕದಲ್ಲಿ. ದಕ್ಷತೆಯ ಪ್ರಶ್ನೆಯನ್ನು ಜೋರಾಗಿ ಕೇಳಬೇಕಾದ ಜಾಗ ಇದು. ಇಲ್ಲಿ ಅದನ್ನು ಕೇಳುವವರು ಕಡಿಮೆ.

ಇನ್ನು ಯಾಂತ್ರಿಕ ಲಾಭದ ಕಡೆಗೆ ಬರೋಣ. ಜಾಕ್ ಕಾರನ್ನು 15 ಸೆಂ.ಮೀ. ಎತ್ತಬೇಕಾದರೆ ಹಿಡಿಯನ್ನು 30 ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಕೈ 75 ಮೀಟರ್ ಸಾಗಿರುತ್ತದೆ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕಟ್ಟಿದ್ದಾಯಿತು. ಯಂತ್ರ ಬಳಸಿ ಪ್ರಕೃತಿಗೆ ಮೋಸ ಮಾಡಬಹುದು ಎಂದು ನಂಬಿದ್ದ ಕುಶಲಕರ್ಮಿಗಳನ್ನು ಕಂಡು ಗೆಲಿಲಿಯೊ 1600ರ ಆಸುಪಾಸಿನಲ್ಲಿ ಸರಳ ಯಂತ್ರಗಳ ಮೇಲೆ ಒಂದು ಪುಟ್ಟ ಪ್ರಬಂಧವನ್ನೇ ಬರೆದ. ಸನ್ನೆಯಾಗಲಿ ತಿರುಪಾಗಲಿ, ಬಲದಲ್ಲಿ ಗಳಿಸಿದ್ದಷ್ಟನ್ನೂ ದೂರದಲ್ಲೋ ಕಾಲದಲ್ಲೋ ತೆರಲೇಬೇಕು ಎಂಬುದು ಅದರ ತಿರುಳು. ನಾಲ್ಕು ಶತಮಾನ ಕಳೆದರೂ ‘ಯಂತ್ರ ಕೆಲಸ ಕಡಿಮೆ ಮಾಡುತ್ತದೆ’ ಎಂಬ ವಾಕ್ಯ ಮಕ್ಕಳ ಉತ್ತರಪತ್ರಿಕೆಗಳಿಂದ ಹೋಗಿಲ್ಲ. ಯಂತ್ರ ಬಲವನ್ನು ಕಡಿಮೆ ಮಾಡುತ್ತದೆ. ಕೆಲಸವನ್ನು, ಘರ್ಷಣೆಯ ದೆಸೆಯಿಂದ, ತುಸು ಹೆಚ್ಚೇ ಮಾಡುತ್ತದೆ.

ಎಷ್ಟು ಹೆಚ್ಚು ಎಂಬುದು ಪಠ್ಯದ ರಾಟೆಯಲ್ಲಿ ಕಾಣುವುದಿಲ್ಲ, ನಿಜವಾದ ರಾಟೆಯಲ್ಲಿ ಕಾಣುತ್ತದೆ. ನಾಲ್ಕು ಎಳೆ ಹಗ್ಗ ಭಾರ ಹೊತ್ತಿರುವ ರಾಟೆಕಟ್ಟಿನ ಯಾಂತ್ರಿಕ ಲಾಭ ನಾಲ್ಕು ಎಂದು ಪುಸ್ತಕ ಹೇಳುತ್ತದೆ. ಪ್ರತಿ ರಾಟೆಯನ್ನು ಬಳಸಿ ಬರುವಾಗ ಹಗ್ಗದ ಎಳೆತ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಎಳೆಗಳ ಎಳೆತ 0.9, 0.81, 0.73, 0.66 ಎಂದು ಇಳಿಯುತ್ತಾ ಹೋಗಿ ಒಟ್ಟು ಬರುವುದು 3.1. ಎಂಟು ಎಳೆ ಹಾಕಿದರೆ ಎಂಟರ ಬದಲು 5.1. ಇನ್ನೂ ಹಾಕುತ್ತಾ ಹೋಗಿ, ಇಪ್ಪತ್ತು, ಐವತ್ತು, ನೂರು. ಮೊತ್ತ ಒಂಬತ್ತನ್ನು ಮುಟ್ಟುವುದೇ ಇಲ್ಲ. ರಾಟೆಗಳ ತೂಕವನ್ನು ಇದರಲ್ಲಿ ಹಿಡಿದೇ ಇಲ್ಲ. ರಾಟೆ ಹೆಚ್ಚಿಸಿದಷ್ಟೂ ಲಾಭ ಹೆಚ್ಚುತ್ತದೆ ಎಂದು ನಂಬಿದವರಿಗೆ ಇದು ಗೋಡೆ. ದೊಡ್ಡ ಭಾರ ಎತ್ತಬೇಕಾದ ಎಂಜಿನಿಯರು ಒಂದು ಹಂತದ ನಂತರ ರಾಟೆ ಸೇರಿಸುವುದನ್ನು ಬಿಟ್ಟು ರಾಟೆಯ ಅಚ್ಚಿಗೆ ಬೇರಿಂಗ್ ಹಾಕಲು ಹೊರಡುವುದು ಇದೇ ಕಾರಣಕ್ಕೆ. ಇಂಥ ಒಂದು ಲೆಕ್ಕ ಪಾಠದಲ್ಲಿದ್ದರೆ ಎರಡು ಅಳತೆಗಳ ನಂಟು ಒಂದೇ ಪುಟದಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಯಾಂತ್ರಿಕ ಲಾಭ ಒಂದಕ್ಕಿಂತ ಕಡಿಮೆ ಇರುವ ಯಂತ್ರಗಳನ್ನು ಕಂಡರೆ ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುವುದು ಸಹಜ. ಆದರೆ ಲೋಕದಲ್ಲಿ ಅತಿ ಹೆಚ್ಚು ಪ್ರೀತಿ ಗಳಿಸಿದ ಯಂತ್ರಗಳಲ್ಲೊಂದಾದ ಸೈಕಲ್ ಅಂಥದ್ದೇ. ಪೆಡಲಿನ ತೋಳು 17 ಸೆಂ.ಮೀ., ಚಕ್ರದ ತ್ರಿಜ್ಯ 35 ಸೆಂ.ಮೀ., ಚೈನು ಹತ್ತುವ ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಇದ್ದರೆ, ಪಾದ ಒಂದು ಮೀಟರ್ ಚಿಲ್ಲರೆ ಸುತ್ತಿದಾಗ ಸೈಕಲ್ ಐದು ಮೀಟರ್ ಚಿಲ್ಲರೆ ಮುಂದೆ ಹೋಗಿರುತ್ತದೆ. ಯಾಂತ್ರಿಕ ಲಾಭ ಐದನೇ ಒಂದು. 60 ಕಿಲೋ ತೂಕ ಹೇರಿ ತುಳಿದರೆ ರಸ್ತೆಯನ್ನು ತಳ್ಳುವುದು 12 ಕಿಲೋ ಬಲ. ಬಲದಲ್ಲಿ ಇಷ್ಟು ನಷ್ಟವಾದರೂ, ಚೈನು ಚೊಕ್ಕವಾಗಿ ಎಣ್ಣೆ ಹಾಕಿದ್ದರೆ ಅದರ ದಕ್ಷತೆ ಶೇ 95ರ ಮೇಲೆ. ನಮ್ಮ ಮುಂದೋಳೂ ಹೀಗೆಯೇ. ಮೊಣಕೈಯಿಂದ ನಾಲ್ಕೈದು ಸೆಂ.ಮೀ. ದೂರದಲ್ಲಿ ಸ್ನಾಯು ಅಂಟಿಕೊಂಡಿದೆ, ಅಂಗೈ ಇರುವುದು ಅದರ ಎಂಟು ಪಟ್ಟು ದೂರದಲ್ಲಿ. ಐದು ಕಿಲೋ ಚೀಲ ಹಿಡಿದರೆ ಸ್ನಾಯು ಸುಮಾರು 40 ಕಿಲೋದಷ್ಟು ಎಳೆಯಬೇಕು. ಬದಲಿಗೆ ಸಿಕ್ಕಿದ್ದು ಕೈ ಬೀಸುವ ವೇಗ, ಚೆಂಡು ಎಸೆಯುವ ಚುರುಕು. ಒಲೆಯ ಮುಂದಿನ ಇಕ್ಕಳ, ಮೀನಿನ ಗಾಳದ ಕೋಲು ಎಲ್ಲ ಈ ಗುಂಪಿನವೇ.

ಇಲ್ಲೊಂದು ಗಟ್ಟಿಯಾದ ಆಕ್ಷೇಪಣೆ ಏಳುತ್ತದೆ. ಯಂತ್ರ ಕೆಲಸವನ್ನು ಉಳಿಸುವುದೇ ಇಲ್ಲ, ಇನ್ನೂ ಸ್ವಲ್ಪ ಹೆಚ್ಚಿಸುತ್ತದೆ ಎನ್ನುವುದಾದರೆ, ಯಂತ್ರ ಬಳಸಿದವನಿಗೆ ದಣಿವು ಕಡಿಮೆಯಾಗುವುದು ಹೇಗೆ? ಅನುಭವಕ್ಕೆ ವಿರುದ್ಧವಾದ ಸಿದ್ಧಾಂತ ಯಾರಿಗೆ ಬೇಕು? ಅನುಭವ ಸುಳ್ಳಲ್ಲ, ದಣಿವಿನ ಲೆಕ್ಕ ಬೇರೆ, ಭೌತಶಾಸ್ತ್ರದ ಕೆಲಸದ ಲೆಕ್ಕ ಬೇರೆ. ತುಂಬಿದ ಕೊಡವನ್ನು ಅಲ್ಲಾಡದೆ ಹಿಡಿದು ನಿಂತವನು ಭೌತಶಾಸ್ತ್ರದ ಪ್ರಕಾರ ಏನೂ ಕೆಲಸ ಮಾಡಿಲ್ಲ. ಆದರೂ ಅವನ ತೋಳು ಸೋಲುತ್ತದೆ, ಯಾಕೆಂದರೆ ಬಿಗಿದುಕೊಂಡೇ ಇರಲು ಸ್ನಾಯುವಿಗೆ ನಿರಂತರ ಶಕ್ತಿ ಬೇಕು. ಸ್ನಾಯುವೂ ಒಂದು ಯಂತ್ರ, ಅದಕ್ಕೂ ದಕ್ಷತೆಯಿದೆ. ಚೆನ್ನಾಗಿ ಹೊಂದಿದ ಬಲ ಮತ್ತು ವೇಗದಲ್ಲಿ ಅದು ಉಂಡ ಅನ್ನದ ಶಕ್ತಿಯ ಕಾಲುಭಾಗವನ್ನು ಕೆಲಸವಾಗಿ ಕೊಟ್ಟರೆ ಹೆಚ್ಚು. ಮಿತಿ ಮೀರಿದ ಬಲ ಕೇಳಿದರೆ ಆ ಪಾಲೂ ಕುಸಿಯುತ್ತದೆ, ಕೊನೆಗೆ ಭಾರ ಅಲ್ಲಾಡದೆ ದಣಿವು ಮಾತ್ರ ಉಳಿಯುತ್ತದೆ. ಸರಳ ಯಂತ್ರ ಮಾಡುವುದು ಭಾರದ ಬೇಡಿಕೆಯನ್ನು ಮೈಯ ಅಳತೆಗೆ ಹೊಂದಿಸುವ ಕೆಲಸ. ಯಂತ್ರದೊಳಗೆ ಸ್ವಲ್ಪ ಪೋಲಾದರೂ ಮೈಯೊಳಗೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಹಾಗಾಗಿ ಸ್ವತಃ ಅದಕ್ಷವಾದ ಯಂತ್ರ, ಮನುಷ್ಯ ಮತ್ತು ಯಂತ್ರ ಸೇರಿದ ಜೋಡಿಯನ್ನು ಹೆಚ್ಚು ದಕ್ಷವಾಗಿಸಬಲ್ಲದು.

ನಮ್ಮ ಹಳೆಯ ನೀರೆತ್ತುವ ಸಾಧನಗಳಲ್ಲಿ ಈ ತಿಳಿವಳಿಕೆ ಸೂತ್ರವಿಲ್ಲದೆಯೇ ಕೆಲಸ ಮಾಡುತ್ತಿತ್ತು. ಏತದ ಅಡ್ಡಮರದ ಮೇಲೆ ಅತ್ತಿತ್ತ ನಡೆಯುವವನು ನೀರನ್ನು ತೋಳಿನಿಂದ ಎತ್ತುತ್ತಿರಲಿಲ್ಲ, ತನ್ನ ಮೈತೂಕವನ್ನು ಆನಿಕೆಯ ಈ ಬದಿಯಿಂದ ಆ ಬದಿಗೆ ಸಾಗಿಸುತ್ತಿದ್ದ. ಮನುಷ್ಯದೇಹದ ಅತ್ಯಂತ ಬಲವಾದ ಸ್ನಾಯುಗಳಿರುವ ಕಾಲುಗಳಿಗೆ ಕೆಲಸ ಹೋಯಿತು. ಕಪಿಲೆಯಲ್ಲಿ ಎತ್ತುಗಳು ತೊಗಲ ಚೀಲದ ನೀರನ್ನು ಎಳೆಯುತ್ತಾ ಇಳಿಜಾರಿನಲ್ಲಿ ಕೆಳಗಿಳಿಯುತ್ತಿದ್ದವು. ರಾಟೆ ಅಲ್ಲಿ ದಿಕ್ಕು ಬದಲಿಸುತ್ತಿತ್ತೇ ಹೊರತು ಬಲವನ್ನು ಒಂದಿಷ್ಟೂ ಹೆಚ್ಚಿಸುತ್ತಿರಲಿಲ್ಲ. ಜಾಣತನವಿದ್ದದ್ದು ಇಳಿಜಾರಿನಲ್ಲಿ: ಹಗ್ಗ ಎಳೆಯುವಾಗ ಎತ್ತಿನ ಮೈತೂಕವೂ ಸೇರಿಕೊಳ್ಳುತ್ತಿತ್ತು. ಆ ತೂಕವನ್ನು ಮತ್ತೆ ಮೇಲೆ ಹತ್ತಿಸುವ ಕೆಲಸ ತಪ್ಪಲಿಲ್ಲ, ಆದರೆ ಅದು ಬರಿದಾದ ಚೀಲದ ಜೊತೆ ವಾಪಸಾಗುವ ಹೊತ್ತಿಗೆ ಮುಂದೂಡಲ್ಪಟ್ಟಿತು. ಒಟ್ಟು ಕೆಲಸ ಅಷ್ಟೇ. ಒಂದೇ ಗುಟುಕಿಗೆ ಬರುತ್ತಿದ್ದುದು ಎರಡು ಗುಟುಕಾಯಿತು. ಇದನ್ನು ದಕ್ಷತೆಯ ಕೋಲಿನಿಂದ ಅಳೆದರೆ ಕಪಿಲೆಯ ಹೆಚ್ಚುಗಾರಿಕೆ ಏನೂ ಕಾಣುವುದಿಲ್ಲ.

ಎರಡು ಅಳತೆಗಳನ್ನು ಬೆರೆಸಿಬಿಟ್ಟವರು ಬೀಳುವ ಇನ್ನೊಂದು ಹಳ್ಳ ತಾನಾಗಿ ತಿರುಗುವ ಯಂತ್ರ. ಎಂಟು ಕಿಲೋ ಬಲದಿಂದ ಒಂದು ಟನ್ ಎತ್ತುವ ಜಾಕ್‌ನ ಯಾಂತ್ರಿಕ ಲಾಭ 125 ಇರಬಹುದಾದರೆ ದಕ್ಷತೆಯೂ ನೂರನ್ನು ದಾಟಬಾರದೇಕೆ ಎಂಬ ಆಸೆ ಅದರ ಬೇರು. ಅಯಸ್ಕಾಂತ, ಭಾರದ ಗುಂಡು, ಹಲ್ಲುಚಕ್ರ ತೋರಿಸಿ ‘ಇಂಧನವಿಲ್ಲದೆ ವಿದ್ಯುತ್’ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇವೆ. ಕನಸು ಹಳೆಯದೇ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರಂಥ ಮೇಧಾವಿಯೇ ಅರೆಗಳಲ್ಲಿ ಪಾದರಸ ತುಂಬಿ ತಾನಾಗಿ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಪ್ರಸ್ತಾವಗಳಿಂದ ರೋಸಿಹೋಗಿ, ಇನ್ನು ಮುಂದೆ ಪರಿಶೀಲಿಸುವುದೇ ಇಲ್ಲ ಎಂದು 1775ರಲ್ಲಿ ತೀರ್ಮಾನಿಸಿತು. ಭಾರತದ 1970ರ ಪೇಟೆಂಟ್ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕೃತಿಯ ಸ್ಥಾಪಿತ ನಿಯಮಗಳಿಗೆ ವಿರುದ್ಧವಾದುದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಯಾಂತ್ರಿಕ ಲಾಭಕ್ಕೆ ತಾತ್ವಿಕವಾಗಿ ಮೇಲ್ಮಿತಿ ಇಲ್ಲ, ದಕ್ಷತೆಗೆ ಶೇ 100 ಮೇಲ್ಮಿತಿ ಎಂಬ ಸಣ್ಣ ಸಂಗತಿ ಎಸ್ಸೆಸ್ಸೆಲ್ಸಿ ಮುಗಿಸಿದ ಪ್ರತಿಯೊಬ್ಬರ ತಲೆಯಲ್ಲಿ ಕೂತಿದ್ದರೆ, ಇಂಥ ಯಂತ್ರಕ್ಕೆ ಹಣ ಹೂಡಿ ಕೈಸುಟ್ಟುಕೊಳ್ಳುವವರು ಕಡಿಮೆಯಾಗುತ್ತಿದ್ದರು.

ಪರೀಕ್ಷೆಗೆ ಸೂತ್ರ ಸಾಕು, ಇಷ್ಟೆಲ್ಲ ಬಿಡಿಸಲು ಸಮಯ ಎಲ್ಲಿ ಎಂದು ಶಿಕ್ಷಕರು ಹೇಳುವುದರಲ್ಲಿ ಅರ್ಥವಿದೆ. ಅವರ ಮೇಲಿನ ಹೊರೆ ಸಣ್ಣದಲ್ಲ. ಆದರೆ ಇದಕ್ಕೆ ಬೇಕಾದ್ದು ಒಂದು ಸ್ಪ್ರಿಂಗ್ ತ್ರಾಸು, ಎರಡು ರಾಟೆ, ಒಂದು ಕಲ್ಲು, ಅರ್ಧ ಗಂಟೆ. ಯಾಂತ್ರಿಕ ಲಾಭಕ್ಕೆ ಪುಸ್ತಕದ ಉತ್ತರ ಎರಡು ಎಂದಿರುವಾಗ ತ್ರಾಸಿನ ಅಳತೆಯಿಂದ 1.6 ಬಂತು ಎಂದಿಟ್ಟುಕೊಳ್ಳಿ. ಉಳಿದ 0.4 ಎಲ್ಲಿ ಹೋಯಿತು ಎಂದು ಹುಡುಕುವಲ್ಲಿ ಪಾಠವೆಲ್ಲ ಅಡಗಿದೆ. ಲ್ಯಾಬಿನಲ್ಲಿ ಆ ವ್ಯತ್ಯಾಸವನ್ನು ‘ದೋಷ’ ಎಂದು ಬರೆಸಿ, ಪುಸ್ತಕದ ಸಂಖ್ಯೆಗೆ ತಿದ್ದಿಸುವ ಅಭ್ಯಾಸವನ್ನಾದರೂ ನಾವು ಬಿಡಬಹುದು.

ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಬೇಕಾದ ಒಂದು ಸರಳ ಯಂತ್ರ ನಮ್ಮ ಬ್ಯಾಂಕು, ಕಚೇರಿ, ಶಾಲೆಗಳ ಬಾಗಿಲಲ್ಲಿದೆ: ಗಾಲಿಕುರ್ಚಿಯ ಇಳಿಜಾರು, ಅಂದರೆ ರ‍್ಯಾಂಪ್. ಒಂದು ಅಳತೆ ಏರಲು ಕನಿಷ್ಠ ಹನ್ನೆರಡು ಅಳತೆ ಉದ್ದವಿರಬೇಕು ಎಂಬುದು ಅದರ ಒಪ್ಪಿತ ಮಾನದಂಡ. ಮೂರು ಮೆಟ್ಟಿಲಿನ, 45 ಸೆಂ.ಮೀ. ಎತ್ತರದ ಜಗಲಿಗೆ 5.4 ಮೀಟರ್ ಉದ್ದದ ರ‍್ಯಾಂಪ್. ವ್ಯಕ್ತಿ ಮತ್ತು ಕುರ್ಚಿ ಸೇರಿ 80 ಕಿಲೋ ಇದ್ದರೆ ಅದರ ಮೇಲೆ ಏರಲು ಸುಮಾರು ಏಳು ಕಿಲೋ ಬಲದಿಂದ ಗಾಲಿ ತಳ್ಳಬೇಕು. ಜಾಗ ಉಳಿಸಲೆಂದು ಅದನ್ನೇ 1.8 ಮೀಟರಿಗೆ ಮುಗಿಸಿದರೆ ಬಲ 19 ಕಿಲೋಗೆ ಏರುತ್ತದೆ. ಒಟ್ಟು ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ‘ಗಿಡ್ಡ ರ‍್ಯಾಂಪ್ ಆದರೆ ಬೇಗ ಮುಗಿಯುತ್ತದೆ’ ಎನ್ನುವ ಗುತ್ತಿಗೆದಾರ ಹಾಗೆ ನೋಡಿದರೆ ಸುಳ್ಳು ಹೇಳುತ್ತಿಲ್ಲ. ಆದರೆ ಭುಜದ ಸ್ನಾಯುವಿಗೆ ಏಳು ಕಿಲೋ ಆಗುತ್ತದೆ, 19 ಆಗುವುದಿಲ್ಲ. ಇನ್ನೊಂದು ತೊಡಕಿದೆ. ಗಾಲಿ ಸರಾಗವಾಗಿ ಉರುಳುತ್ತದೆ, ಅಂದರೆ ಈ ಯಂತ್ರದ ದಕ್ಷತೆ ಹೆಚ್ಚು. ಆದ್ದರಿಂದ ಇದು ಜಾಕ್‌ನಂತೆ ತಾನಾಗಿ ನಿಲ್ಲುವುದಿಲ್ಲ. ಒಂದು ತಳ್ಳು ಮುಗಿಸಿ ಇನ್ನೊಂದಕ್ಕೆ ಕೈ ಬದಲಿಸುವ ಆ ಚಣದಲ್ಲಿ ಅದೇ 19 ಕಿಲೋ ಬಲ ಕುರ್ಚಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ನಡುವೆ ಸಮತಟ್ಟಾದ ತಂಗುದಾಣ, ಎರಡೂ ಬದಿ ಹಿಡಿದುಕೊಳ್ಳಲು ಕಂಬಿ ಬೇಕೆನ್ನುವುದು ಅಲಂಕಾರಕ್ಕಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಈ ಮಾನದಂಡ ಪಾಲಿಸದ ಹೊಸ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ಕೊಡಬಾರದು ಎನ್ನುತ್ತದೆ, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವನ್ನೂ ಕೊಟ್ಟಿತ್ತು. ಆ ಗಡುವು ಮುಗಿದಿದೆ. ಹಳೆಯ ಪೇಟೆಬೀದಿಯ ಕಟ್ಟಡದ ಮುಂದೆ ಐದೂವರೆ ಮೀಟರ್ ಎಲ್ಲಿಂದ ತರುವುದು ಎಂಬ ಆಕ್ಷೇಪಣೆ ಕೆಲವೆಡೆ ನಿಜವೇ. ಅಲ್ಲಿ ರ‍್ಯಾಂಪನ್ನು ಗೋಡೆಯ ಉದ್ದಕ್ಕೂ ತಿರುಗಿಸಿ ಮಡಿಸಬಹುದು. ಆಗುಂಬೆಯ ಘಾಟಿ ರಸ್ತೆ ತಿರುವಿನ ಮೇಲೆ ತಿರುವು ಹಾಕಿ ಏರುವುದೂ ಇದೇ ಲೆಕ್ಕದಲ್ಲಿ. ಅದಕ್ಕೂ ಜಾಗವಿಲ್ಲದಿದ್ದರೆ ಮೋಟಾರಿನಿಂದ ಏರುವ ಸಣ್ಣ ವೇದಿಕೆ ಹಾಕಬೇಕು, ಕರೆಂಟಿನ ಖರ್ಚು ಕಟ್ಟಡದವರದ್ದು. ಕಡಿದಾದ ರ‍್ಯಾಂಪ್ ಈ ಪರಿಹಾರಗಳಲ್ಲಿ ಯಾವುದೂ ಅಲ್ಲ. ತಪಾಸಣಾ ಪಟ್ಟಿಯಲ್ಲಿ ‘ಇದೆ’ ಎಂದು ಗುರುತು ಹಾಕಲು ಸುರಿದ ಸಿಮೆಂಟು ಅದು. ತಪಾಸಣೆಗೆ ಬರುವ ಎಂಜಿನಿಯರು ಟೇಪ್ ಹಿಡಿದು ಜಗಲಿಯ ಎತ್ತರ ಅಳೆದು, ಹನ್ನೆರಡರಿಂದ ಗುಣಿಸಿ, ರ‍್ಯಾಂಪಿನ ಉದ್ದದ ಜೊತೆ ಹೋಲಿಸಿ ಎರಡು ಸಂಖ್ಯೆಗಳನ್ನೂ ವರದಿಯಲ್ಲಿ ಬರೆಯಲಿ. ಆ ವರದಿ ಕಟ್ಟಡದ ಬಾಗಿಲಲ್ಲೇ ಅಂಟಿಸಿರಲಿ.